ಬಂದೂಕಿನ ತುದಿ ಕಣ್ಣಿಗೆ ಕಾಣಬೇಕಾದರೆ

ರೈಫಲ್ಲಿನ ನಳಿಗೆಯ ತುದಿಯಲ್ಲಿ, ಮೇಲ್ಗಡೆ, ಒಂದೆರಡು ಮಿಲಿಮೀಟರ್ ಅಗಲದ ತಗಡೋ ಮಣಿಯೋ ಎದ್ದು ನಿಂತಿರುತ್ತದೆ. ಅದೇ ಫೋರ್‌ಸೈಟ್. ಕಣ್ಣಿಗೆ ಹತ್ತಿರವಾಗಿ, ನಡುವೆ ಕಚ್ಚು ಬಿದ್ದಿರುವ ಪಟ್ಟಿ ಬ್ಯಾಕ್‌ಸೈಟ್. ಹಿಂದಿನ ಕಚ್ಚಿನ ನಟ್ಟನಡುವೆ ಮುಂದಿನ ತಗಡು ಬಂದು, ಎರಡರ ತಲೆಯೂ ಒಂದೇ ಮಟ್ಟದಲ್ಲಿ ನಿಂತು, ಆ ಗೆರೆ ಗುರಿಯನ್ನು ಮುಟ್ಟಿದರೆ ಗುರಿ ಹಿಡಿದಂತಾಯಿತು. ಹೇಳುವುದಕ್ಕೆ ಸುಲಭ. ತೊಡಕು ಏನೆಂದರೆ ಈ ಮೂರೂ ಮೂರು ದೂರಗಳಲ್ಲಿವೆ. ಬ್ಯಾಕ್‌ಸೈಟ್ ಕಣ್ಣಿನಿಂದ ಒಂದು ಮೊಳದಷ್ಟು ಆಚೆ, ಫೋರ್‌ಸೈಟ್ ಸಾಮಾನ್ಯವಾಗಿ 80-90 ಸೆಂಟಿಮೀಟರ್ ಆಚೆ, ಗುರಿ 50 ಅಥವಾ 100 ಮೀಟರ್ ಆಚೆ. ಮನುಷ್ಯನ ಕಣ್ಣು ಒಂದು ಸಲಕ್ಕೆ ಒಂದೇ ದೂರಕ್ಕೆ ಹೊಂದಿಕೊಳ್ಳುತ್ತದೆ. ಉಳಿದೆರಡು ಮಸುಕಾಗಲೇಬೇಕು.

ಯಾವುದು ಸ್ಪಷ್ಟವಾಗಿ ಕಾಣಬೇಕು ಎಂಬುದರಲ್ಲಿ ಮಾತ್ರ ರೈಫಲ್ ಕಲಿಸುವವರಲ್ಲಿ ಭಿನ್ನಾಭಿಪ್ರಾಯವಿಲ್ಲ: ಫೋರ್‌ಸೈಟ್. ಲೆಕ್ಕ ನೋಡಿದರೆ ಕಾರಣ ತಿಳಿಯುತ್ತದೆ. ಎರಡು ಸೈಟ್‌ಗಳ ನಡುವಿನ ಅಂತರ 50 ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಮುಂದಿನ ತಗಡು ಕಚ್ಚಿನಲ್ಲಿ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಗುಂಡು 50 ಮೀಟರಿನಲ್ಲಿ 5 ಸೆಂಟಿಮೀಟರ್, 100 ಮೀಟರಿನಲ್ಲಿ 10 ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಗುರಿ ಸ್ವಲ್ಪ ಮಂಜಾಗಿದ್ದರೂ ಅದರ ನಡುಭಾಗವನ್ನು ಕಣ್ಣು ಅಂದಾಜು ಮಾಡಬಲ್ಲದು. ಅಂಚೇ ಕಾಣದ ಫೋರ್‌ಸೈಟನ್ನು ಕಚ್ಚಿನ ಮಧ್ಯೆ ಕೂರಿಸುವುದು ಅದರ ಕೈಲಾಗದು. ಚರೆ ತುಂಬಿದ ತೋಟಾ ಬಂದೂಕಿನ ಮಾತು ಬೇರೆ. ಅಲ್ಲಿ ನೋಟ ಗುರಿಯ ಮೇಲಿರುತ್ತದೆ, ತುದಿಯ ಮಣಿ ಕಣ್ಣಂಚಿನಲ್ಲಿ ಕಂಡರೆ ಸಾಕು. ಅದೇ ಬಂದೂಕಿಗೆ ಒಂಟಿ ಗುಂಡಿನ ತೋಟಾ ಹಾಕಿದರೆ ರೈಫಲ್ಲಿನ ನಿಯಮವೇ ಅದಕ್ಕೂ ಅನ್ವಯಿಸುತ್ತದೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಬೇಟೆಯ ಬಂದೂಕು ಎಂದರೆ ಈಗ ಬೇಟೆಗೆ ಬಳಸುವ ಬಂದೂಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೂ ಪರವಾನಗಿಯ ಬೇಟೆಗೆ ಸ್ವಲ್ಪ ಎಡೆ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಕಡಲೆಕಾಯಿ ಹೊಲಕ್ಕೆ ಬಿದ್ದು ರಾತ್ರೋರಾತ್ರಿ ಸಾಲುಸಾಲೇ ಅಗೆಯುವ, ಜೋಳದ ಹೊಲ ಮಲಗಿಸುವ ಕಾಡುಹಂದಿಯನ್ನಾದರೂ ರೈತ ತಾನಾಗಿ ಹೊಡೆಯುವಂತಿಲ್ಲ. ಕಾಯಿದೆಯ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರೋ ಅಧಿಕಾರ ಪಡೆದ ಅಧಿಕಾರಿಯೋ ಕಾರಣ ಕಾಣಿಸಿ ಲಿಖಿತ ಆದೇಶ ಕೊಡಬೇಕು. ಬಂದೂಕು ಇಟ್ಟುಕೊಳ್ಳುವುದು 1959ರ ಆಯುಧ ಕಾಯಿದೆಯ ವ್ಯಾಪ್ತಿಗೆ ಬರುತ್ತದೆ. ಬೆಳೆ ರಕ್ಷಣೆಗೆ ಮೂತಿಯಿಂದ ಮದ್ದು ತುಂಬುವ ಬಂದೂಕಿಗೆ ಪರವಾನಗಿ ಕೊಡಬಹುದೆಂದು ಆ ಕಾಯಿದೆಯೇ ಹೆಸರಿಸಿ ಹೇಳುತ್ತದೆ. ಹೀಗಾಗಿ ಈ ಸೀಮೆಯ ಹಳ್ಳಿಮನೆಗಳಲ್ಲಿ ಉಳಿದಿರುವ ಬಂದೂಕುಗಳು ಹೆಚ್ಚಾಗಿ ಬೆಳೆ ಕಾಯುವುದಕ್ಕೋ ಆತ್ಮರಕ್ಷಣೆಗೋ ಪರವಾನಗಿ ಪಡೆದವು. ಚುನಾವಣೆ ಬಂದಾಗ ಠಾಣೆಗೆ ಹೋಗಿ ಕೂತು, ಮುಗಿದ ಮೇಲೆ ವಾಪಸಾಗುವವು. ಬಂದೂಕಿಗೂ ವಯಸ್ಸಾಗಿರುತ್ತದೆ, ಒಡೆಯನಿಗೂ ವಯಸ್ಸಾಗಿರುತ್ತದೆ. ತುದಿ ಕಾಣುವುದಿಲ್ಲ ಎಂಬ ದೂರಿಗೆ ಕಾರಣ ಇವೆರಡರಲ್ಲಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳಬೇಕು.

ಅದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಬಂದೂಕು ಖಾಲಿಯಿದೆ ಎಂದು ಎರಡು ಸಲ ನೋಡಿ ಖಾತರಿ ಮಾಡಿಕೊಂಡು, ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು, ಹಗಲಿನ ಬೆಳಕಿನಲ್ಲಿ ಬರಿಗೋಡೆಯತ್ತ ಗುರಿ ಹಿಡಿಯುವುದು. ಆಮೇಲೆ ಒಂದು ದಪ್ಪ ಕಾಗದಕ್ಕೆ ದಬ್ಬಳದಿಂದ ಒಂದು ಮಿಲಿಮೀಟರಿನ ತೂತು ಮಾಡಿ, ಅದನ್ನು ಕಣ್ಣಿಗೆ ಅಡ್ಡ ಹಿಡಿದು ಮತ್ತೆ ನೋಡುವುದು. ಕಣ್ಣಿನ ವೈದ್ಯರೂ ಮಾಡುವ ಪರೀಕ್ಷೆ ಇದು. ತೂತಿನ ಮೂಲಕ ಫೋರ್‌ಸೈಟಿನ ಅಂಚು ಚುರುಕಾಗಿ ಕಂಡರೆ ತಪ್ಪು ಕಣ್ಣಿನ ಹೊಂದಾಣಿಕೆಯದು. ಬಂದೂಕಿಗೆ ಎಷ್ಟು ಬಣ್ಣ ಬಳಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಅಂಚು ಮೊದಲೇ ಚುರುಕಾಗಿದ್ದು, ಹಿನ್ನೆಲೆಯಲ್ಲಿ ತಗಡು ಕರಗಿಹೋಗುತ್ತಿದ್ದರೆ ದೋಷ ಬೆಳಕಿನದು, ಬಣ್ಣದ್ದು. ಎರಡೂ ಕೂಡಿರುವುದೂ ಉಂಟು. ಬಹಳ ಮಂದಿ ಈ ಪರೀಕ್ಷೆ ಬಿಟ್ಟು ನೇರವಾಗಿ ದೊಡ್ಡ ಮಣಿ ಕೊಳ್ಳಲು ಹೊರಡುತ್ತಾರೆ.

ಬೆಳಕಿನ ದೋಷದಲ್ಲಿ ಎರಡು ಬಗೆ. ಒಂದು ಬೆಳಕು ಹೆಚ್ಚಾದಾಗ, ಇನ್ನೊಂದು ಕಡಿಮೆಯಾದಾಗ. ವರ್ಷಗಟ್ಟಲೆ ಬಟ್ಟೆಯಲ್ಲಿ ಒರೆಸಿ ಒರೆಸಿ ಕಪ್ಪು ಸವೆದ ಉಕ್ಕಿನ ತಗಡು ಬಿಸಿಲಿನಲ್ಲಿ ಕನ್ನಡಿಯಾಗುತ್ತದೆ. ನಂದಿಬೆಟ್ಟದ ಸಾಲಿನಿಂದ ಚಿಂತಾಮಣಿಯ ಅಂಬಾಜಿದುರ್ಗದವರೆಗೆ ಬಯಲೆಲ್ಲ ಬೋಳು ಬಂಡೆ; ಬಂಡೆಯಿಂದ ತಿರುಗಿ ಬರುವ ಬೆಳಕೂ ಇದಕ್ಕೆ ಸೇರುತ್ತದೆ. ಹೊಳಪಿನಿಂದ ಆಗುವ ತಪ್ಪಿಗೆ ಒಂದು ನಿಶ್ಚಿತ ದಿಕ್ಕಿದೆ. ಸೂರ್ಯ ಎಡಗಡೆ ಇದ್ದಾಗ ಗುಂಡುಮಣಿಯ ಎಡಭಾಗ ಮಾತ್ರ ಹೊಳೆಯುತ್ತದೆ, ಬಲಭಾಗ ನೆರಳಿನಲ್ಲಿ ಕಾಣೆಯಾಗುತ್ತದೆ. ಕಣ್ಣು ಹೊಳೆಯುವ ಚುಕ್ಕೆಯನ್ನೇ ಇಡೀ ಮಣಿಯೆಂದುಕೊಂಡು ಕಚ್ಚಿನ ನಡುವೆ ಕೂರಿಸುತ್ತದೆ. ಆಗ ನಳಿಗೆ ನಿಜವಾಗಿ ಬಲಕ್ಕೆ ತಿರುಗಿರುತ್ತದೆ, ಗುಂಡು ಬಲಕ್ಕೆ ಹೋಗುತ್ತದೆ. ಸೂರ್ಯ ಬಲಕ್ಕೆ ಬಂದರೆ ಗುಂಡು ಎಡಕ್ಕೆ. ಬೆಳಗ್ಗೆ ಸರಿಯಿದ್ದ ರೈಫಲ್ಲು ಸಾಯಂಕಾಲ ಕೆಟ್ಟಿತೆಂದು ದೂರುವವರ ರೈಫಲ್ಲಿನಲ್ಲಿ ಹಲವು ಸಲ ಏನೂ ಕೆಟ್ಟಿರುವುದಿಲ್ಲ.

ಇದಕ್ಕೆ ಪರಿಹಾರ ಮನೆಯಲ್ಲೇ ಇದೆ. ಕರ್ಪೂರ ಹಚ್ಚಿ ಅದರ ಹೊಗೆಗೆ ತಗಡನ್ನು ಹಿಡಿದರೆ ಹೊಳಪಿಲ್ಲದ ಕಡುಗಪ್ಪು ಮಸಿ ಕೂರುತ್ತದೆ. ಗುರಿಸ್ಪರ್ಧೆಯವರು ಹಿಂದಿನಿಂದಲೂ ಕರ್ಪೂರದ, ಕಾರ್ಬೈಡ್ ದೀಪದ ಹೊಗೆಯನ್ನು ಇದಕ್ಕೇ ಬಳಸುತ್ತ ಬಂದಿದ್ದಾರೆ. ಎಣ್ಣೆ ಒರೆಸಿ ತೆಗೆದ ಲೋಹಕ್ಕೆ ಮಾತ್ರ ಮಸಿ ಸಮನಾಗಿ ಹಿಡಿಯುತ್ತದೆ, ಬೆರಳು ತಗುಲಿದರೆ ಹೋಗುತ್ತದೆ, ಮತ್ತೆ ಹಿಡಿದರಾಯಿತು. ಖಾಲಿ ಬಂದೂಕಿಗೆ, ಮದ್ದು ತೋಟಾ ಯಾವುದೂ ಹತ್ತಿರದಲ್ಲಿಲ್ಲದ ಜಾಗದಲ್ಲಿ ಮಾಡಬೇಕಾದ ಕೆಲಸ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹೆಚ್ಚು ಬಾಳಿಕೆ ಬೇಕಿದ್ದರೆ ಹೊಳಪಿಲ್ಲದ ಕಪ್ಪು ಬಣ್ಣ. ಫೋರ್‌ಸೈಟಿನ ಮೇಲೆ ಕಮಾನಿನಂತೆ ಕೂರುವ ಉಕ್ಕಿನ ಮುಸುಕು ಸಿಕ್ಕರೆ ಪಕ್ಕದ ಬಿಸಿಲು ತಗಡಿಗೆ ತಾಗುವುದೇ ಇಲ್ಲ; ಕತ್ತಲಾಗುವ ಹೊತ್ತಿಗೆ ಅದನ್ನು ಕಳಚಬೇಕು.

ಕಪ್ಪು ಫೋರ್‌ಸೈಟ್ ಚೆನ್ನಾಗಿ ಕಾಣುವುದು ಬೆಳ್ಳನೆಯ ಹಿನ್ನೆಲೆಯಲ್ಲಿ. ಕೊಡಗಿನ ಕೈಲ್ ಪೊಳ್ದ್ ಹಬ್ಬದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರೆ; ಹಿಂದೆ ತೆರೆದ ಆಕಾಶವಿರುವುದರಿಂದ ಅಲ್ಲಿ ಕಪ್ಪು ತಗಡಿಗಿಂತ ಒಳ್ಳೆಯದಿಲ್ಲ. ಹಿಪ್ಪುನೇರಳೆ ತೋಟದ ದಟ್ಟ ಹಸಿರಿನ ಎದುರಿಗೆ, ಅದರಲ್ಲೂ ಸಂಜೆ ಏಳರ ಹೊತ್ತಿಗೆ, ಅದೇ ತಗಡು ಇದ್ದೂ ಇಲ್ಲದಂತೆ.

ಮುಸ್ಸಂಜೆಯಲ್ಲಿ ಕಣ್ಣೊಳಗೂ ಎರಡು ಬದಲಾವಣೆಗಳಾಗುತ್ತವೆ. ಪಾಪೆ ಅಗಲವಾಗುತ್ತದೆ. ಬಿಸಿಲಿನಲ್ಲಿ ಎರಡು ಮೂರು ಮಿಲಿಮೀಟರ್ ಇದ್ದದ್ದು ಕತ್ತಲಲ್ಲಿ ಅದರ ಎರಡರಷ್ಟಾಗುತ್ತದೆ. ಪಾಪೆ ಹಿಗ್ಗಿದಷ್ಟೂ ಹತ್ತಿರದ್ದು ದೂರದ್ದು ಒಟ್ಟಿಗೆ ಸ್ಪಷ್ಟವಾಗಿ ಕಾಣುವ ವ್ಯಾಪ್ತಿ ಕುಗ್ಗುತ್ತದೆ. ಹಗಲಿನಲ್ಲಿ ಹೇಗೋ ಸುಧಾರಿಸಿದ್ದ ಮಸುಕು ಸಂಜೆ ಎದ್ದು ತೋರುತ್ತದೆ. ಎರಡನೆಯದು ಬಣ್ಣದ ವಿಷಯ. ಹಗಲಿನಲ್ಲಿ ಕಣ್ಣು ಹೆಚ್ಚು ಸ್ಪಂದಿಸುವುದು 555 ನ್ಯಾನೊಮೀಟರಿನ ಹಳದಿಹಸಿರಿಗೆ, ಕತ್ತಲಲ್ಲಿ 507 ನ್ಯಾನೊಮೀಟರಿನ ನೀಲಿಹಸಿರಿಗೆ. ಬೊಹೀಮಿಯದ ಶರೀರವಿಜ್ಞಾನಿ ಪುರ್ಕಿನ್ಯೆ 19ನೇ ಶತಮಾನದ ಆರಂಭದಲ್ಲೇ ಇದನ್ನು ಹೂಗಳಲ್ಲಿ ಗಮನಿಸಿದ: ನಡುಹಗಲಿನಲ್ಲಿ ಉರಿಯುವ ಕೆಂಪು ಹೂವು ಮುಸ್ಸಂಜೆಗೆ ಎಲೆಗಿಂತ ಕಪ್ಪಾಗುತ್ತದೆ. ಆದ್ದರಿಂದ ಫೋರ್‌ಸೈಟಿಗೆ ಕೆಂಪು ಬಳಿಯುವ ರೂಢಿ ಹಗಲಿಗೆ ಸರಿ, ಬಂದೂಕು ನಿಜವಾಗಿ ಬೇಕಾಗುವ ಹೊತ್ತಿಗೆ ಸರಿಯಲ್ಲ. ಕೆಂಪು ಹಸಿರಿನ ಭೇದ ತಿಳಿಯದ ಗಂಡಸರೂ ಸಾಕಷ್ಟಿದ್ದಾರೆ. ಅವರಿಗೆ ಹಸಿರಿನೆದುರಿನ ಕೆಂಪು ಮಣಿ ಯಾವ ಹೊತ್ತಿನಲ್ಲೂ ಉಪಯೋಗಕ್ಕೆ ಬಾರದು. ಬಿಳಿ ಎಲ್ಲರಿಗೂ ಕಾಣುತ್ತದೆ.

ಬಣ್ಣ ಬಳಿಯುವುದರಲ್ಲೂ ಕ್ರಮವಿದೆ. ಕಣ್ಣಿನತ್ತ ಮುಖ ಮಾಡಿದ ಭಾಗಕ್ಕೆ ಮಾತ್ರ ಬಳಿಯಬೇಕು. ಪಕ್ಕಗಳೂ ತಲೆಯೂ ಕಪ್ಪಾಗಿಯೇ ಇದ್ದರೆ ಅಂಚು ಉಳಿಯುತ್ತದೆ. ಮೊದಲು ಸ್ಪಿರಿಟ್ಟಿನಲ್ಲಿ ಎಣ್ಣೆ ಪೂರ್ತಿ ತೆಗೆದು, ತೆಳುವಾಗಿ ಬಿಳಿ ಹಚ್ಚಿ, ಒಣಗಿದ ಮೇಲೆ ಇನ್ನೊಂದು ಪದರ. ಬರವಣಿಗೆಯ ತಪ್ಪು ಅಳಿಸುವ ವೈಟ್ನರ್ ಆದರೂ ಆದೀತು, ನೇಲ್ ಪಾಲಿಷ್ ಅದಕ್ಕಿಂತ ಹೆಚ್ಚು ಕಾಲ ನಿಲ್ಲುತ್ತದೆ. ಫ್ಲೋರೊಸೆಂಟ್ ಹಸಿರೋ ಕಿತ್ತಳೆಯೋ ಬೇಕೆಂದರೆ ಅದನ್ನು ಆ ಬಿಳಿಯ ಮೇಲೆ ಬಳಿಯಬೇಕು. ಈ ಬಣ್ಣಗಳು ಅರೆಪಾರದರ್ಶಕ. ಕಪ್ಪು ಉಕ್ಕಿನ ಮೇಲೆ ನೇರವಾಗಿ ಹಚ್ಚಿದರೆ ಕೆಳಗಿನ ಕಪ್ಪು ಬೆಳಕನ್ನು ನುಂಗಿಬಿಡುತ್ತದೆ. ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನೂ ನೀಲಿ ಬೆಳಕನ್ನೂ ಹೀರಿ ಕಾಣುವ ಬಣ್ಣವಾಗಿ ಬಿಡುವುದು ಇವುಗಳ ಗುಣ. ಸೂರ್ಯ ಮುಳುಗಿದ ಕೂಡಲೇ ಆಕಾಶದ ಬೆಳಕಿನಲ್ಲಿ ನೀಲಿ ಪಾಲು ಹೆಚ್ಚಿರುವುದರಿಂದ ಆಗ ಇವು ಸಾದಾ ಬಣ್ಣಕ್ಕಿಂತ ಎದ್ದು ಕಾಣುತ್ತವೆ. ಪೂರಾ ಕತ್ತಲಾದ ಮೇಲೆ ಇವಕ್ಕೂ ಬೆಳಕಿಲ್ಲ.

ಈ ತಾಪತ್ರಯ ಹಳೆಯದು. ಬ್ರಿಟಿಷರ ಕಾಲದ ಬೇಟೆ ರೈಫಲ್‌ಗಳಲ್ಲಿ ಮಾಮೂಲಿ ಫೋರ್‌ಸೈಟಿನ ಹಿಂದೆ ಮಡಚಿಟ್ಟ ಇನ್ನೊಂದು ಇರುತ್ತಿತ್ತು: ದಂತದ್ದೋ ಬಿಳಿ ಎನಾಮೆಲಿನದೋ ದಪ್ಪ ಮಣಿ. ಬೆಳದಿಂಗಳಿಗೆ ಅದನ್ನು ಎತ್ತಿ ನಿಲ್ಲಿಸುತ್ತಿದ್ದರು. ಹಿಂದಿನ ಕಚ್ಚಿನ ನಡುಗೆರೆಗೆ ಪ್ಲಾಟಿನಮ್ ತಂತಿ ಕೂರಿಸುವುದೂ ಇತ್ತು. ಕಡುಗತ್ತಲಿಗೆ ಟಾರ್ಚೇ ಗತಿ. ತೇಜಸ್ವಿಯವರ ಅನುವಾದದಿಂದ ಕನ್ನಡಿಗರಿಗೆ ಆಪ್ತನಾದ ಜಿಮ್ ಕಾರ್ಬೆಟ್ 1926ರ ಮೇ ತಿಂಗಳಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆಯನ್ನು ಹೊಡೆದದ್ದು ರೈಫಲ್ಲಿಗೆ ಬಿಗಿದ ಟಾರ್ಚಿನ ಬೆಳಕಿನಲ್ಲಿ. ಹಿತ್ತಾಳೆಯ ಮಣಿ ಈ ಎಲ್ಲಕ್ಕಿಂತ ಸಾಧಾರಣವಾದದ್ದು, ಇವತ್ತಿಗೂ ಒಳ್ಳೆಯದು. ಮುಖ ಗುಂಡಾಗಿದ್ದರೆ ಮಾತ್ರ ಬಿಸಿಲಿನ ಹಳೆಯ ತಪ್ಪು ಮರುಕಳಿಸುತ್ತದೆ. ಚಪ್ಪಟೆಯಾಗಿ ಅರೆದು, ಮೇಲಿನ ಬೆಳಕು ಬೀಳುವಂತೆ ಆಕಾಶದತ್ತ ಸ್ವಲ್ಪ ವಾಲಿಸಿದರೆ ತಪ್ಪುತ್ತದೆ.

ಈಗಿನ ಫೈಬರ್ ಆಪ್ಟಿಕ್ ಫೋರ್‌ಸೈಟ್ ಆ ಹಿತ್ತಾಳೆಯ ಮಣಿಯ ಮೊಮ್ಮಗ. ಬಣ್ಣ ಬೆರೆಸಿದ ಪ್ಲಾಸ್ಟಿಕ್ ಕಡ್ಡಿ ತನ್ನ ಮೈಯುದ್ದಕ್ಕೂ ಬಿದ್ದ ಬೆಳಕನ್ನು ಹೀರಿ ಎರಡು ತುದಿಗಳಲ್ಲಿ ಹೊರಬಿಡುವುದರಿಂದ ತುದಿ ದೀಪದಂತೆ ತೋರುತ್ತದೆ. ಬ್ಯಾಟರಿ ಬೇಡ. ನಡುಹಗಲಿನಲ್ಲಿ ಅದು ಅತಿಯಾಗಿ ಉರಿದು ಅಂಚು ಹರಡಿಕೊಂಡಂತೆ ಕಾಣುವುದೊಂದು ದೋಷ, ಹೊಲದ ಬೇಲಿಗೆ ತಾಗಿ ಮುರಿಯುವುದು ಇನ್ನೊಂದು. ಕಗ್ಗತ್ತಲಲ್ಲೂ ತಾನೇ ಬೆಳಗುವ ಟ್ರಿಟಿಯಮ್ ಗುಳಿಗೆಗಳಿವೆ. 12 ವರ್ಷ ಚಿಲ್ಲರೆಗೆ ಅವುಗಳ ಬೆಳಕು ಅರ್ಧಕ್ಕಿಳಿಯುತ್ತದೆ. ವಿಕಿರಣಶೀಲ ವಸ್ತುವಾದ್ದರಿಂದ ಅದಕ್ಕೆ ಬೇರೆಯದೇ ಕಾನೂನು ಇದೆ. ಬೆಳೆ ಕಾಯುವವನಿಗೆ ಅದರ ಗೊಡವೆ ಬೇಡ.

ಇನ್ನು ಕಣ್ಣು. ನಲವತ್ತು ದಾಟಿದ ಮೇಲೆ ಕಣ್ಣೊಳಗಿನ ಮಸೂರ ಗಡುಸಾಗುತ್ತ ಹೋಗಿ ಹತ್ತಿರದ್ದಕ್ಕೆ ಹೊಂದಿಕೊಳ್ಳುವ ಶಕ್ತಿ ಕಳೆದುಕೊಳ್ಳುತ್ತದೆ. ಚಾಳೀಸು ಬಂದವನಿಗೆ ಮೊದಲು ಪಂಚಾಂಗದ ಅಕ್ಷರ ಮಸುಕಾಗುತ್ತದೆ, ಆಮೇಲೆ ಬ್ಯಾಕ್‌ಸೈಟ್, ಕೊನೆಗೆ ಫೋರ್‌ಸೈಟ್. ಓದುವ ಕನ್ನಡಕ ಹಾಕಿದರೆ ಫೋರ್‌ಸೈಟಿಗಿಂತ ತುಂಬ ಹತ್ತಿರದ ವಸ್ತು ಸ್ಪಷ್ಟವಾಗಿ, ಹಂದಿ ಕರೀ ಮೋಡವಾಗಿ ಕಾಣುತ್ತದೆ. ಎರಡು ಪವರಿನ ಕನ್ನಡಕವೂ ಕೈಕೊಡುತ್ತದೆ. ಅದರಲ್ಲಿ ಹತ್ತಿರ ನೋಡುವ ಭಾಗ ಕೆಳಗಿರುತ್ತದೆ. ಕೆನ್ನೆಯನ್ನು ಬಂದೂಕಿಗೆ ಒತ್ತಿ ತಲೆ ಬಗ್ಗಿಸಿದವನು ನೋಡುವುದು ಗಾಜಿನ ಮೇಲಂಚಿನ ಮೂಗಿನ ಕಡೆಯ ಮೂಲೆಯಿಂದ.

ಬೇಕಾದದ್ದು ಓದುವ ಗಾಜಿಗೂ ದೂರದ ಗಾಜಿಗೂ ನಡುವಿನದು. 80 ಸೆಂಟಿಮೀಟರಿನಲ್ಲಿರುವ ವಸ್ತುವಿಗೆ ಸರಿಯಾಗಿ ಹೊಂದಬೇಕಾದರೆ ದೂರದೃಷ್ಟಿಯ ಪವರಿಗೆ 1.25 ಡಯಾಪ್ಟರ್ ಕೂಡಿಸಬೇಕು. ಅಷ್ಟು ಕೂಡಿಸಿದರೆ ಫೋರ್‌ಸೈಟ್ ಅಚ್ಚುಕಟ್ಟು, ಗುರಿ ತೀರಾ ಮಸುಕು. ಅದಕ್ಕೇ ಅನುಭವಸ್ಥರು 0.50 ಅಥವಾ 0.75 ಮಾತ್ರ ಕೂಡಿಸಿ ಮಧ್ಯದಾರಿ ಹಿಡಿಯುತ್ತಾರೆ: ತಗಡಿನ ಅಂಚು ಸಾಕಷ್ಟು ಚುರುಕು, ಗುರಿ ಗುರುತಿಸುವಷ್ಟು ಸ್ಪಷ್ಟ. ಗುರಿ ಹಿಡಿಯುವ ಕಣ್ಣಿಗೆ ಇಂಥ ಒಂದೇ ಪವರಿನ ಗಾಜು, ಇನ್ನೊಂದಕ್ಕೆ ಮಾಮೂಲಿ ದೂರದ ಗಾಜು ಹಾಕಿಸಿದರಾಯಿತು. ಬಂದೂಕನ್ನು ಕನ್ನಡಕದ ಅಂಗಡಿಗೆ ಹೊತ್ತೊಯ್ಯುವ ಅಗತ್ಯವಿಲ್ಲ. ಮನೆಯಲ್ಲೇ ಗುರಿ ಹಿಡಿದ ಭಂಗಿಯಲ್ಲಿ ಕಣ್ಣಿನಿಂದ ತುದಿಯವರೆಗೆ ಇನ್ನೊಬ್ಬರಿಂದ ಟೇಪಿನಲ್ಲಿ ಅಳೆಸಿ ಆ ಅಳತೆ ಹೇಳಿದರೆ ಸಾಕು. ಪೊರೆ ತೆಗೆಸಿ ದೂರಕ್ಕೆ ಹೊಂದುವ ಮಸೂರ ಕೂರಿಸಿಕೊಂಡವರಿಗೂ ಇದೇ ಉಪಾಯ. ಪೊರೆಯನ್ನು ಇನ್ನೂ ತೆಗೆಸದವರಿಗೆ ಬೇಕಾದದ್ದು ಡಾಕ್ಟರು, ಬಣ್ಣವಲ್ಲ.

ಪರೀಕ್ಷೆಗೆ ಬಳಸಿದ ಸಣ್ಣ ತೂತೇ ಚಿಕಿತ್ಸೆಯೂ ಆಗಬಲ್ಲದು. ಕರೀ ಟೇಪಿನ ಚೂರಿಗೆ ಒಂದೂವರೆ ಮಿಲಿಮೀಟರ್ ತೂತು ಮಾಡಿ, ಕನ್ನಡಕದಲ್ಲಿ ನೋಟ ಹಾಯುವ ಜಾಗಕ್ಕೆ ಅಂಟಿಸಿದರೆ ಮೂರು ದೂರಗಳೂ ಬಹುಮಟ್ಟಿಗೆ ಒಟ್ಟಿಗೆ ಹಿಡಿತಕ್ಕೆ ಬರುತ್ತವೆ. ಬೆಳಕು ಕಡಿಮೆಯಾಗುವುದು ಇದರ ಬೆಲೆ. ಹಗಲಿನ ಅಭ್ಯಾಸಕ್ಕೆ ಸರಿ, ರಾತ್ರಿ ಕಾವಲಿಗೆ ಆಗದು. ಕಚ್ಚಿನ ಬ್ಯಾಕ್‌ಸೈಟ್ ತೆಗೆದು, ಕಣ್ಣಿಗೆ ಇನ್ನೂ ಹತ್ತಿರದಲ್ಲಿ ತೂತಿನ ಬ್ಯಾಕ್‌ಸೈಟ್ ಕೂರಿಸುವುದೂ ಇದೇ ತತ್ತ್ವ. ತೂತು ದೊಡ್ಡದಿದ್ದರೆ ಅದರ ಮಧ್ಯವನ್ನು ಕಣ್ಣು ತಾನಾಗಿ ಹುಡುಕಿಕೊಳ್ಳುವುದರಿಂದ ಗಮನಿಸಬೇಕಾದ ವಸ್ತು ಮೂರರಿಂದ ಎರಡಕ್ಕಿಳಿಯುತ್ತದೆ.

ಸ್ಪರ್ಧೆಯ ಏರ್ ರೈಫಲ್ಲಿನಲ್ಲಿ ಈ ಏರ್ಪಾಡು ಪರಾಕಾಷ್ಠೆ ಮುಟ್ಟಿದೆ. ಹಿಂದೆ ಅಗಲ ಹೊಂದಿಸಬಹುದಾದ ಸಣ್ಣ ತೂತು, ಮುಂದೆ ಮುಸುಕಿನೊಳಗೆ ತಗಡಿನ ಬದಲು ಒಂದು ಬಳೆ. 10 ಮೀಟರ್ ದೂರದ ಗುರಿಹಾಳೆಯಲ್ಲಿ ಹತ್ತು ಅಂಕದ ಚುಕ್ಕೆಯ ವ್ಯಾಸ ಅರ್ಧ ಮಿಲಿಮೀಟರ್. ಅದು ಯಾರ ಕಣ್ಣಿಗೂ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. 30.5 ಮಿಲಿಮೀಟರಿನ ಕಪ್ಪು ವೃತ್ತ ಬಳೆಯೊಳಗೆ ಸುತ್ತ ಸಮನಾದ ಬಿಳಿ ಬಿಟ್ಟುಕೊಂಡು ನಿಂತರೆ ಸಾಕು. ಸಮಾನ ಅಂಚನ್ನು ಗುರುತಿಸುವುದರಲ್ಲಿ ಕಣ್ಣು ಬಲು ಚುರುಕು. ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರಲ್ಲಿ ಕ್ವಾಲಾಲಂಪುರದ ಏಷ್ಯನ್ ಚಾಂಪಿಯನ್‌ಷಿಪ್ಪಿನ ಅರ್ಹತಾ ಸುತ್ತಿನಲ್ಲಿ 400ಕ್ಕೆ 400 ಅಂಕ ಪಡೆದು ವಿಶ್ವದಾಖಲೆ ಸರಿಗಟ್ಟಿದ್ದು, ಅದೇ ವರ್ಷ ಅಥೆನ್ಸ್ ಒಲಿಂಪಿಕ್ಸಿನ ಫೈನಲ್ ತಲುಪಿದ್ದು ಈ 10 ಮೀಟರ್ ಏರ್ ರೈಫಲ್ ವಿಭಾಗದಲ್ಲಿ. ಹೊಲದ ಬಂದೂಕಿಗೆ ಬಳೆ ಒಗ್ಗದು, ಓಡುವ ಪ್ರಾಣಿಗೆ ದುಂಡು ಆಕಾರವಿಲ್ಲ. ಆದರೂ ಕಚ್ಚಿನಲ್ಲಿ ಫೋರ್‌ಸೈಟಿನ ಎರಡೂ ಪಕ್ಕ ಕಾಣುವಷ್ಟು ಬೆಳಕಿನ ಸಂದು ಇರಬೇಕೆಂಬ ಪಾಠ ಅಲ್ಲಿಂದ ಬರುತ್ತದೆ. ಕಚ್ಚು ಕಿರಿದಾಗಿ ಸಂದೇ ಇಲ್ಲದಿದ್ದರೆ ಎಷ್ಟೋ ವೇಳೆ ಕೆಲಸ ಬೇಕಾದದ್ದು ಹಿಂದಿನ ಪಟ್ಟಿಗೆ.

ಕಾಣದಿದ್ದರೆ ದೊಡ್ಡದು ಹಾಕಿಸು ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ, ಲೆಕ್ಕ ಹಾಕಿದವರು ಕಡಿಮೆ. 80 ಸೆಂಟಿಮೀಟರ್ ದೂರದ 2 ಮಿಲಿಮೀಟರ್ ಮಣಿ 50 ಮೀಟರಿನಲ್ಲಿ ಹನ್ನೆರಡೂವರೆ ಸೆಂಟಿಮೀಟರನ್ನು, 100 ಮೀಟರಿನಲ್ಲಿ 25 ಸೆಂಟಿಮೀಟರನ್ನು ಮರೆಮಾಡುತ್ತದೆ. ಮಣಿ 3 ಮಿಲಿಮೀಟರಾದರೆ 50 ಮೀಟರಿನಲ್ಲೇ 19 ಸೆಂಟಿಮೀಟರ್ ಮುಚ್ಚಿಹೋಗುತ್ತದೆ. ಮೂವತ್ತು ನಲವತ್ತು ಮೀಟರಿನ ಕೆಲಸಕ್ಕೆ ದೊಡ್ಡ ಮಣಿ ನಡೆಯುತ್ತದೆ, ಅದಕ್ಕಿಂತ ದೂರಕ್ಕೆ ಗುರಿಯೇ ಮಣಿಯ ಹಿಂದೆ ಅಡಗುತ್ತದೆ.

ಸೈಟನ್ನೇ ಬದಲಿಸುವುದು ಕೊನೆಯ ದಾರಿ. ನಮ್ಮಲ್ಲಿ ಪರವಾನಗಿಗೆ ಸಿಗುವ .315 ಬೋರಿನ ಸ್ಪೋರ್ಟಿಂಗ್ ರೈಫಲ್ ಇಶಾಪುರದ ಸರಕಾರಿ ಕಾರ್ಖಾನೆಯಲ್ಲಿ ಹಳೆಯ ಲೀ-ಎನ್‌ಫೀಲ್ಡ್ ಮಾದರಿಯ ಮೇಲೆ ರೂಪುಗೊಂಡದ್ದು. ಆ ಮನೆತನದ ರೈಫಲ್‌ಗಳಿಗೆ ಬೇರೆಬೇರೆ ಎತ್ತರದ ಫೋರ್‌ಸೈಟ್‌ಗಳನ್ನು ಸೈನ್ಯವೇ ಮಾಡಿಸಿಟ್ಟುಕೊಳ್ಳುತ್ತಿತ್ತು, ಏಕೆಂದರೆ ಎತ್ತರವೇ ಗುಂಡಿನ ಮಟ್ಟವನ್ನು ನಿರ್ಧರಿಸುತ್ತದೆ. ಫೋರ್‌ಸೈಟ್ ಎತ್ತರವಾದರೆ ಗುಂಡು ತಗ್ಗಿಗೆ, ತಗ್ಗಾದರೆ ಮೇಲಕ್ಕೆ. ಪಕ್ಕದ ಲೆಕ್ಕವೂ ಹೀಗೆಯೇ: ಗುಂಡು ಎಡಕ್ಕೆ ಬೀಳುತ್ತಿದ್ದರೆ ಫೋರ್‌ಸೈಟನ್ನು ಎಡಕ್ಕೇ ಸರಿಸಬೇಕು. ಬ್ಯಾಕ್‌ಸೈಟಿಗೆ ಇದು ಪೂರ್ತಿ ತಿರುಗುಮುರುಗು, ಗೊಂದಲವಾಗುವುದು ಇಲ್ಲೇ. ಹೊಸದನ್ನು ಬೇಕೆಂದೇ ಸ್ವಲ್ಪ ಎತ್ತರದ್ದು ಆರಿಸಿ, ಗುಂಡು ತಗ್ಗಿಗೆ ಬೀಳುವುದನ್ನು ನೋಡಿಕೊಂಡು ಎಳೆಎಳೆಯಾಗಿ ಅರದಲ್ಲಿ ತಗ್ಗಿಸುತ್ತ ಬರುವುದು ಕಮ್ಮಾರಿಕೆ ಬಲ್ಲವರ ರೀತಿ. ಅರೆದದ್ದನ್ನು ಮತ್ತೆ ಸೇರಿಸಲು ಬರುವುದಿಲ್ಲ. ತಲೆಯ ಮೇಲೆ ದಪ್ಪಗೆ ಬಳಿದ ಬಣ್ಣವೂ ಎತ್ತರವೇ. ಆಯುಧ ರಿಪೇರಿಗೆ ಆಯುಧ ಕಾಯಿದೆಯ 5ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಬೇಕಾಗಿರುವುದರಿಂದ ಈ ಕೆಲಸವನ್ನು ಊರಿನ ಲೇತ್ ಅಂಗಡಿಯಲ್ಲಿ ಮಾಡಿಸುವಂತಿಲ್ಲ; ಪರವಾನಗಿಯುಳ್ಳ ಬಂದೂಕಿನ ಅಂಗಡಿಗೇ ಒಯ್ಯಬೇಕು.

ರೆಡ್ ಡಾಟ್ ಎಂಬ ಸಾಧನ ಈ ಇಡೀ ತಾಪತ್ರಯದಿಂದ ಪಾರುಮಾಡುತ್ತದೆ. ಅದರ ಕೆಂಪು ಚುಕ್ಕೆ ಗುರಿಯಷ್ಟೇ ದೂರದಲ್ಲಿರುವಂತೆ ಕಣ್ಣಿಗೆ ತೋರುವುದರಿಂದ ಚಾಳೀಸಿನವನೂ ದೂರದ ಕನ್ನಡಕದಲ್ಲೇ ಎರಡನ್ನೂ ಒಟ್ಟಿಗೆ ನೋಡಬಹುದು. ಅದನ್ನು ಕೂರಿಸಲು ರೈಫಲ್ಲಿನ ಬೆನ್ನ ಮೇಲೆ ಗಟ್ಟಿ ಹಳಿ ಬೇಕು. ಹಳೆಯ ರೈಫಲ್‌ಗಳಿಗೂ ಮದ್ದು ತುಂಬುವ ಬಂದೂಕುಗಳಿಗೂ ಅದಿಲ್ಲ. ಬಣ್ಣ, ಗಾಜು, ಹೊಸ ತಗಡು, ಚುಕ್ಕೆ ಯಾವುದೇ ಇರಲಿ, ಬದಲಾವಣೆಯಾದ ಮೇಲೆ ಬಂದೂಕನ್ನು ಅಂಗೀಕೃತ ಶೂಟಿಂಗ್ ರೇಂಜಿನಲ್ಲಿ, ಮುಂದೆ ಬಳಸಲಿರುವ ತೋಟಾದಿಂದಲೇ, ಕಾಗದದ ಗುರಿಯ ಮೇಲೆ ಮೂರು ಮೂರು ಗುಂಡಿನ ಗುಂಪು ಹೊಡೆದು ಮತ್ತೆ ಹೊಂದಿಸಬೇಕು. ಮೊದಲು 25 ಮೀಟರಿನಲ್ಲಿ, ಕಾಗದಕ್ಕೆ ಬೀಳುವುದು ಖಚಿತವಾದ ಮೇಲೆ 50ರಲ್ಲಿ. ಒಂದು ಗುಂಡು ಎಲ್ಲಿ ಬಿತ್ತು ಎಂಬುದನ್ನು ನೋಡಿ ಸೈಟ್ ಸರಿಸುವುದು ತಪ್ಪು. ಮೂರರ ಮಧ್ಯಬಿಂದುವನ್ನು ಅಳೆದು ಸರಿಸಬೇಕು. ಸೂರ್ಯ ಬೆನ್ನ ಹಿಂದಿರುವಾಗ ಒಮ್ಮೆ, ಪಕ್ಕಕ್ಕೆ ಬಂದಾಗ ಇನ್ನೊಮ್ಮೆ ಹೊಡೆದು ಎರಡು ಗುಂಪುಗಳನ್ನು ಹೋಲಿಸಿದರೆ ಹೊಳಪಿನ ತಪ್ಪು ಇನ್ನೂ ಉಳಿದಿದೆಯೋ ಇಲ್ಲವೋ ಕಾಗದದ ಮೇಲೆ ಕಾಣುತ್ತದೆ.